ಕಿಯಾಂಟಿ ಸೈಕಲ್ ಪ್ಯಾಕೇಜ್‌ಗೆ ಅಡ್ವಾನ್ಸ್ ಕೊಡುವವರೇ, ಮೊದಲು ಗೇರಿನ ಹಲ್ಲು ಎಣಿಸಿ

ಮಂಗಳೂರು, ಉಡುಪಿ, ಮಣಿಪಾಲದ ಸೈಕಲ್ ಗುಂಪುಗಳಲ್ಲಿ ಮತ್ತೆ ಅದೇ ಪೋಸ್ಟರ್ ಓಡಾಡುತ್ತಿದೆ. ಇಟಲಿಯ ಕಿಯಾಂಟಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಐದು ದಿನ ಸೈಕಲ್ ಸವಾರಿ, ಒಬ್ಬರಿಗೆ 1,18,000 ರೂಪಾಯಿ, ವಿಮಾನ ವೀಸಾ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ನಾವು ನಾಲ್ಕು ಜನ ಇದೇ ಪ್ಯಾಕೇಜ್‌ನಲ್ಲಿ ಹೋಗಿ ಮೋಸ ಹೋಗಿ ಬಂದವರು. ಇಷ್ಟು ದಿನ ಬರೆಯದೆ ಇದ್ದದ್ದು ನಾಚಿಕೆಯಿಂದ. ಈಗ ಇನ್ನೂ ಆರು ಜನ ಅಡ್ವಾನ್ಸ್ ಕೊಟ್ಟಿದ್ದಾರೆ ಅಂತ ಕೇಳಿದೆ. ಇನ್ನು ಸುಮ್ಮನೆ ಕೂತರೆ ತಪ್ಪು ನಮ್ಮದೇ ಆಗುತ್ತದೆ. ಏಜೆಂಟರ ಹೆಸರು ಇಲ್ಲಿ ಹಾಕುವುದಿಲ್ಲ, ದೂರಿನ ಕೆಲಸ ನಡೆಯುತ್ತಿದೆ.

ಮಾತಾದದ್ದು ಇದು: ಟೂರಿಂಗ್ ಸೈಕಲ್, ಮುಂದೆ ಮೂರು ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) 48-36-26 ಹಲ್ಲಿನವು, ಹಿಂದೆ 11ರಿಂದ 34 ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಗೇರುಗಳ ಗೊಂಚಲು), 40 ಮಿ.ಮೀ. ಟೈರ್, ಹಿಂದೆ ಕ್ಯಾರಿಯರ್. ವಾಟ್ಸಾಪ್‌ನಲ್ಲಿ ಫೋಟೊ ಸಮೇತ ಕಳಿಸಿದ್ದರು. ಗ್ರೇವೆ ಊರಿನ ಬಾಡಿಗೆ ಅಂಗಡಿಯಲ್ಲಿ ಕೈಗೆ ಬಂದದ್ದು ರೋಡ್ ಬೈಕ್, ಅಂದರೆ ಡಾಂಬರಿನ ಮೇಲೆ ವೇಗವಾಗಿ ಓಡಿಸುವ ತೆಳು ಟೈರಿನ ಸೈಕಲ್. ಮುಂದೆ ಎರಡೇ ರಿಂಗ್ 50-34, ಟೈರ್ 25 ಮಿ.ಮೀ., ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತೇ ಇಲ್ಲ. 52 ಸೆಂ.ಮೀ. ಅಳತೆಯ ಫ್ರೇಮ್ ಕೇಳಿದವರಿಗೆ 56ರದ್ದು. ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ದೊಡ್ಡ ಗೇರಿನ ಹಲ್ಲು ಬೆರಳಿಟ್ಟು ಎಣಿಸಿದೆವು. ಇಪ್ಪತ್ತೆಂಟು. ಗ್ರೀಸ್ ಒರೆಸಿ ಮತ್ತೊಮ್ಮೆ ಎಣಿಸಿದೆವು. ಇಪ್ಪತ್ತೆಂಟೇ. ಬೇರೆಯವರ ಸೈಕಲ್‌ಗೆ ಗೇರ್ ಆರಿಸಿಕೊಡುವ ನಾವು ದುಡ್ಡು ಕೊಡುವಾಗ ಒಂದು ಫೋಟೊ ನಂಬಿದ್ದೆವು.

ಅಂಗಡಿಯವರನ್ನು ಕೇಳಿದರೆ ಅವರು ಬುಕಿಂಗ್ ಕಾಗದ ತೋರಿಸಿದರು. ಏಜೆಂಟರು ಅಲ್ಲಿ ಬುಕ್ ಮಾಡಿದ್ದೇ ಅತಿ ಕಡಿಮೆ ಬಾಡಿಗೆಯ ಸೈಕಲ್. ಅಂದರೆ ಅಂಗಡಿಯ ತಪ್ಪು ಏನೂ ಇರಲಿಲ್ಲ. ನಮಗೆ ತೋರಿಸಿದ್ದು ಒಂದು, ಅಲ್ಲಿ ಹೇಳಿದ್ದು ಇನ್ನೊಂದು. ಅಲ್ಲೇ ನಿಂತು ಮಂಗಳೂರಿಗೆ, ಏಜೆಂಟರಿಗೆ ಫೋನ್ ಮಾಡಿದೆವು.

"ಟೆನ್ಶನ್ ಮಾಡ್ಬೇಡಿ ಮಾರಾಯ್ರೆ, ಎಲ್ಲ ಸೆಟ್ ಉಂಟು."

ಏನು ಸೆಟ್ ಉಂಟು? ಕ್ಯಾಸೆಟ್ 28 ಉಂಟು, ನೀವು ಹೇಳಿದ್ದು 34 ಅಂದೆವು.

"ಬಿಲ್ಲಿನ ಕೆಳಗೆ ನೋಡಿ ಸರ್, 'ಅಥವಾ ಸಮಾನ ಮಾದರಿ' ಅಂತ ಬರ್ದುಂಟು. ಎರಡೂ ಸೈಕಲ್ಲೇ ಅಲ್ವಾ? ನೀವೆಲ್ಲ ಆಗುಂಬೆ ಹತ್ತಿದವರು, ಅಲ್ಲಿಯ ಗುಡ್ಡ ನಿಮಗೆ ಒಂದು ಲೆಕ್ಕವಾ?"

ಆ ಮಾತು ಇನ್ನೂ ಕಿವಿಯಲ್ಲಿ ಉಂಟು. ಬಿಲ್ ತೆಗೆದು ನೋಡಿದರೆ ಹೌದು, ಸಣ್ಣ ಅಕ್ಷರದಲ್ಲಿ ಅದೇ ಮೂರು ಪದ. ನಾವು ಮೋಸ ಹೋದದ್ದು ಆ ಮೂರು ಪದದಲ್ಲಿ. ಸಾಮಾನ್ಯವಾಗಿ ಅದರ ಅರ್ಥ ಬ್ರ್ಯಾಂಡ್ ಬದಲಾಗಬಹುದು ಅಂತ. ಗೇರ್ ಬದಲಾಗಬಹುದು ಅಂತ ಅಲ್ಲ.

ಗೇರ್ ಯಾಕೆ ಅಷ್ಟು ದೊಡ್ಡ ವಿಷಯ ಅಂತ ಕೇಳುವವರಿಗೆ ಲೆಕ್ಕ ಕೊಡುತ್ತೇನೆ. 34 ಹಲ್ಲು ಮುಂದೆ, 28 ಹಿಂದೆ ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. 26 ಮುಂದೆ, 34 ಹಿಂದೆ ಆದರೆ 1.6 ಮೀಟರ್. ಸವಾರ, ಸೈಕಲ್, ಬ್ಯಾಗ್ ಸೇರಿ 90 ಕೆ.ಜಿ. ಅಂತ ಇಟ್ಟುಕೊಳ್ಳಿ, ಏರು ಶೇ 10. ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲನೆಯದಕ್ಕೆ ಕಾಲಿನಿಂದ ಸುಮಾರು 225 ವಾಟ್ ಶಕ್ತಿ ಬೇಕು, ಎರಡನೆಯದಕ್ಕೆ 140 ವಾಟ್. ವಾರಾಂತ್ಯದಲ್ಲಿ ಸೈಕಲ್ ಹೊಡೆಯುವ ಐವತ್ತು ವರ್ಷದವರು 140ರಲ್ಲಿ ಉಸಿರು ಬಿಡುತ್ತಾ ಹತ್ತುತ್ತಾರೆ. 225ರಲ್ಲಿ ಹತ್ತು ನಿಮಿಷಕ್ಕೆ ಮುಗಿಯಿತು. ಸುತ್ತು ಕಡಿಮೆ ಮಾಡಿ 40ಕ್ಕೆ ಇಳಿಸಿದರೆ ವಾಟ್ ಇಳಿಯುತ್ತದೆ, ಆದರೆ ಪ್ರತಿ ತುಳಿತದ ಭಾರ ಮೊಣಕಾಲಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಒಬ್ಬರ ಮೊಣಕಾಲು ಎರಡನೇ ದಿನವೇ ಊದಿತು.

ಆಗುಂಬೆ ಹೋಲಿಕೆ ಯಾಕೆ ತಪ್ಪು ಅಂತಲೂ ಹೇಳಬೇಕು. ಸೋಮೇಶ್ವರದಿಂದ ಆಗುಂಬೆ ಒಂದೇ ಏರು, ಹದಿನಾಲ್ಕು ತಿರುವು, ಮೇಲೆ ಹೋದ ಮೇಲೆ ಚಾ ಕುಡಿಯಬಹುದು. ಕಿಯಾಂಟಿ ಹಾಗಲ್ಲ. ದ್ರಾಕ್ಷಿ ಬೆಳೆಯುವುದು ನೀರು ಬಸಿದು ಹೋಗುವ ಇಳಿಜಾರಿನಲ್ಲಿ, ಊರುಗಳು ಗುಡ್ಡದ ನೆತ್ತಿಯಲ್ಲಿ, ನಡುವೆ ಹೊಳೆ. ಗ್ರೇವೆ ಸುಮಾರು 240 ಮೀಟರ್ ಎತ್ತರದಲ್ಲಿ ಉಂಟು, ಪನ್ಝಾನೊ ಐನೂರರ ಹತ್ತಿರ. ಅಲ್ಲಿಂದ ಪೇಸಾ ಹೊಳೆಗೆ ಇಳಿದು ಮತ್ತೆ 530 ಮೀಟರಿನ ರಾದ್ದಾಗೆ ಹತ್ತಬೇಕು. ಗರಗಸದ ಹಲ್ಲಿನ ಹಾಗೆ ಏರು, ಇಳಿತ, ಮತ್ತೆ ಏರು. ಪೋಸ್ಟರ್‌ನಲ್ಲಿ "ದಿನಕ್ಕೆ 40-45 ಕಿ.ಮೀ., ಸೌಮ್ಯ ಏರಿಳಿತ" ಅಂತ ಮಾತ್ರ ಉಂಟು. ಮೂರನೇ ದಿನದ 46 ಕಿ.ಮೀ.ಯಲ್ಲಿ ಒಟ್ಟು ಏರು ಸಾವಿರ ಮೀಟರ್ ದಾಟಿತು. ಹತ್ತಿರ ಹತ್ತಿರ ಆಗುಂಬೆ ಘಾಟಿ ದಿನಕ್ಕೆ ಎರಡು ಸಲ ಹತ್ತಿದ ಲೆಕ್ಕ. ಕಿಲೋಮೀಟರ್ ಕೇಳಬೇಡಿ, ಒಟ್ಟು ಏರು ಎಷ್ಟು ಮೀಟರ್ ಅಂತ ಕೇಳಿ. ಮತ್ತೆ ಹೇಳುತ್ತೇನೆ, ಮೀಟರ್ ಕೇಳಿ.

ಇನ್ನು ರಸ್ತೆ. ಏಜೆಂಟರು ಕೊಟ್ಟ ಜಿಪಿಎಕ್ಸ್ ಫೈಲ್ (ಫೋನಿನಲ್ಲಿ ದಾರಿ ತೋರಿಸುವ ಫೈಲ್) ಗಾಯೋಲೆ ಊರಿನ ಹತ್ತಿರ ಡಾಂಬರು ಬಿಟ್ಟು ಬಿಳಿ ಜಲ್ಲಿ ರಸ್ತೆಗೆ ತಿರುಗಿಸಿತು. ಅಲ್ಲಿ ಅದಕ್ಕೆ ಸ್ತ್ರಾದೆ ಬಿಯಾಂಕೆ ಅನ್ನುತ್ತಾರೆ. 1997ರಿಂದ ಹಳೆ ಸೈಕಲ್‌ಗಳ ಲೆರೋಯಿಕಾ ಸವಾರಿ ನಡೆಯುವುದು ಇದೇ ಗಾಯೋಲೆಯಲ್ಲಿ, ಆ ರಸ್ತೆಗಳನ್ನು ಉಳಿಸಬೇಕು ಅಂತಲೇ ಶುರುವಾದದ್ದು. ಅಂಥ ರಸ್ತೆ ನೋಡುವುದೇ ಒಂದು ಭಾಗ್ಯ, ನಿಜ, ಆದರೆ 40 ಮಿ.ಮೀ. ಟೈರ್ ಇದ್ದವರಿಗೆ. ಈಗ ವೃತ್ತಿಪರ ರೇಸಿನವರೇ ಅಲ್ಲಿ 30 ಮಿ.ಮೀ. ಆಸುಪಾಸಿನ ಟೈರ್ ಹಾಕುತ್ತಾರೆ. 25ರ ಟೈರ್‌ಗೆ 90 ಪಿಎಸ್‌ಐ ಒತ್ತಡದ ಗಾಳಿ ಹೊಡೆದರೆ ಜಲ್ಲಿಯಲ್ಲಿ ಜಾರುತ್ತದೆ. 70ಕ್ಕೆ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ. ಒಂದೇ ಬೆಳಿಗ್ಗೆ ಮೂರು ಪಂಕ್ಚರ್.

ಮೂರನೆಯದಕ್ಕೆ ಏಜೆಂಟರ ಕಡೆಯ ರಿಪೇರಿ ಕಿಟ್ ಬಿಚ್ಚಿದಾಗ ಇನ್ನೊಂದು ಗೊತ್ತಾಯಿತು. ಟ್ಯೂಬ್‌ಗಳೆಲ್ಲ ತೆಳು ಪ್ರೆಸ್ಟಾ ವಾಲ್ವ್‌ನವು, ಪಂಪಿನ ಬಾಯಿ ಮಾತ್ರ ದಪ್ಪ ಶ್ರೇಡರ್ ವಾಲ್ವ್‌ನದು. ಮೊದಲೆರಡು ಸಲ ನಮ್ಮದೇ ಪುಟ್ಟ ಪಂಪ್ ಇತ್ತು, ಅದರ ರಬ್ಬರ್ ಅಷ್ಟರಲ್ಲಿ ಹರಿದಿತ್ತು. ಪುಟ್ಟ ಹಿತ್ತಾಳೆ ಅಡಾಪ್ಟರ್ ಒಂದಿದ್ದರೆ ಸಾಕಿತ್ತು. ಏಳು ಕಿ.ಮೀ. ಸೈಕಲ್ ತಳ್ಳಿದೆವು. ಫೋನಿನಲ್ಲಿ ಏಜೆಂಟರ ಉತ್ತರ, ಗೈಡ್ ಇಲ್ಲದೆ ನೀವೇ ಹೋಗುವ ಪ್ರವಾಸ ಅನ್ನುವ ಅರ್ಥದಲ್ಲಿ: "ಸೆಲ್ಫ್ ಗೈಡೆಡ್ ಅಂದ್ರೆ ಹಾಗೇ ಅಲ್ವಾ ಸರ್."

ಇಳಿಜಾರಿನ ಬಗ್ಗೆ ಒಂದು ಮಾತು. ರಿಮ್ ಬ್ರೇಕ್‌ನ ಪ್ಯಾಡ್‌ನಲ್ಲಿ ಗೆರೆ ಅಳಿಸಿ ಹೋಗಿದ್ದರೆ ಸೈಕಲ್ ತೆಗೆದುಕೊಳ್ಳಲೇಬೇಡಿ. ನಮಗೆ ಬಲಗೈ ಮುಂದಿನ ಬ್ರೇಕ್ ಅಂತ ಅಭ್ಯಾಸ, ಅಲ್ಲಿ ಉಲ್ಟಾ ಇರಬಹುದು, ಸಪಾಟು ಜಾಗದಲ್ಲಿ ಹಿಡಿದು ನೋಡಿ.

"ಎರಡು ವೈನ್ ತೋಟದ ಭೇಟಿ ಉಚಿತ" ಅಂತ ಇತ್ತು. ಒಂದರಲ್ಲಿ ನಮ್ಮ ಹೆಸರೇ ಇರಲಿಲ್ಲ. ಸೆಪ್ಟೆಂಬರ್ ಅಲ್ಲಿ ಕೊಯ್ಲಿನ ಕಾಲ, ಮುಂಗಡ ಹೇಳದೆ ಹೋದವರನ್ನು ಮಾತಾಡಿಸಲು ಯಾರಿಗೂ ಪುರುಸೊತ್ತಿಲ್ಲ. ಇನ್ನೊಂದರಲ್ಲಿ ತಲೆಗೆ 25 ಯೂರೊ ಅಲ್ಲೇ ಕೊಟ್ಟೆವು. ಪೋಸ್ಟರ್ ಹೇಳದ ಇನ್ನೊಂದು ವಿಷಯ: ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯದ ಮಿತಿ ಅಲ್ಲಿ ಸೈಕಲ್ ಸವಾರರಿಗೂ ಉಂಟು, ದಂಡ ಐನೂರು ಯೂರೊ ದಾಟುತ್ತದೆ. ಬಾಯಿಗೆ ಹಾಕಿ ಉಗುಳಿದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಈಗ ದುಡ್ಡಿನ ವಿಷಯ, ಹೊಟ್ಟೆ ಹೆಚ್ಚು ಉರಿದದ್ದು ಇಲ್ಲಿಯೇ. ವಿದೇಶ ಪ್ರವಾಸ ಪ್ಯಾಕೇಜ್ ಅಂತ ಶೇ 5 ಟಿಸಿಎಸ್ (ಮಾರುವವರು ಮೊದಲೇ ಸಂಗ್ರಹಿಸುವ ಆದಾಯ ತೆರಿಗೆ), ತಲೆಗೆ 5,900 ರೂಪಾಯಿ ಬೇರೆಯಾಗಿ ಹಿಡಿದಿದ್ದರು. ನಾಲ್ವರದ್ದು 23,600. ತೆರಿಗೆ ಅಲ್ವಾ, ರಿಟರ್ನ್‌ನಲ್ಲಿ ಸಿಗುತ್ತದೆ ಅಂತ ಕೊಟ್ಟೆವು. ಊರಿಗೆ ಬಂದ ಮೇಲೆ ನಾಲ್ವರೂ 26ಎಎಸ್ (ನಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿ) ತೆಗೆದು ನೋಡಿದರೆ ಒಂದು ಪೈಸೆ ಇಲ್ಲ. ಸಂಗ್ರಹಿಸಿದವರು ಮೂರು ತಿಂಗಳಿಗೊಮ್ಮೆ ಅದರ ಲೆಕ್ಕವನ್ನು 27ಇಕ್ಯು ನಮೂನೆಯಲ್ಲಿ ಸಲ್ಲಿಸಬೇಕಿತ್ತು, ನಮಗೆ 27ಡಿ ಪ್ರಮಾಣಪತ್ರ ಕೊಡಬೇಕಿತ್ತು. ಕೇಳಿದ್ದಕ್ಕೆ, "ನಮ್ಮ ಆಡಿಟರ್ ನೋಡ್ತಾರೆ ಸರ್." ಎರಡು ತಿಂಗಳು ಬಿಟ್ಟು ಕೇಳಿದ್ದಕ್ಕೆ, "ಆಡಿಟರ್ ಬದಲಾಗಿದ್ದಾರೆ ಸರ್." ಆಮೇಲೆ ಫೋನ್ ಎತ್ತಲಿಲ್ಲ.

ಹೋಗುವವರು ಹೋಗಿ, ಕಿಯಾಂಟಿ ಚಂದದ ಜಾಗ, ಅದರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಮುಂದಿನ ಹಿಂದಿನ ಹಲ್ಲಿನ ಸಂಖ್ಯೆ, ಟೈರ್ ಅಗಲ, ಫ್ರೇಮ್ ಅಳತೆ ಬಿಲ್ಲಿನಲ್ಲೇ ಬರೆಸಿ, "ಸಮಾನ ಮಾದರಿ" ಇದ್ದರೆ ಹೊಡೆದು ಹಾಕಿಸಿ ಸಹಿ ತೆಗೆದುಕೊಳ್ಳಿ. ಬಾಡಿಗೆ ಅಂಗಡಿಯ ಹೆಸರು ಮೊದಲೇ ಕೇಳಿ ನೀವೇ ಮೇಲ್ ಹಾಕಿ. ಕೊಡುವುದಿಲ್ಲ ಅಂದರೆ ಅಲ್ಲಿಗೇ ಬಿಡಿ. ಅಂಗಡಿಯಲ್ಲಿ ಡೆಪಾಸಿಟ್ ಕ್ರೆಡಿಟ್ ಕಾರ್ಡಿನಲ್ಲೇ ತಡೆಹಿಡಿಯುತ್ತಾರೆ, ಆದ್ದರಿಂದ ಸೈಕಲ್ ಮುಟ್ಟುವ ಮೊದಲು ಗೀರುಗಳ ಫೋಟೊ ತೆಗೆಯಿರಿ. ಮೋಸ ಆದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ನಾವು ಇರುವ ಊರಿನಿಂದಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ನಮಗೆ ಕೊನೆಗೆ ಬಂದ ಮೆಸೇಜ್: "ಮುಂದಿನ ಟ್ರಿಪ್‌ನಲ್ಲಿ ಅಡ್ಜಸ್ಟ್ ಮಾಡುವ ಸರ್." ಆ ಮುಂದಿನ ಟ್ರಿಪ್ಪಿಗೇ ಈಗ ಆರು ಜನ ಅಡ್ವಾನ್ಸ್ ಕೊಟ್ಟಿರುವುದು. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಕ್ಯಾಸೆಟ್ ಎಷ್ಟು ಹಲ್ಲಿನದು ಅಂತ ಬರವಣಿಗೆಯಲ್ಲಿ ಕೇಳಿ. ನಮ್ಮ ಬಿಲ್, ಗ್ರೇವೆಯಲ್ಲಿ ತೆಗೆದ ಆ ಇಪ್ಪತ್ತೆಂಟು ಹಲ್ಲಿನ ಫೋಟೊ, ಖಾಲಿ 26ಎಎಸ್, ಎಲ್ಲ ಇಟ್ಟಿದ್ದೇವೆ. ಬೇಕಾದವರಿಗೆ ಕಳಿಸುತ್ತೇನೆ.