ಮೆಟಾಡೋರ್, ಟಿಟಿ, ಓಮ್ನಿ: ಮೂರರಲ್ಲೂ ಮಲಗಿ ನೋಡಿದೆ

ಒಳಗೇ ಮಲಗಿಕೊಂಡು ಊರು ಸುತ್ತಲು ಯಾವ ಹಳೇ ವ್ಯಾನು ಸರಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಓಮ್ನಿಗೆ. ಶಾಲೆ ಮಕ್ಕಳನ್ನು ತುಂಬಿಕೊಂಡು, ಹೂವಿನ ಕುಕ್ಕೆ ಹೇರಿಕೊಂಡು ಓಡಾಡುತ್ತಲ್ಲ, ಅದೇ ಮಾರುತಿ ಓಮ್ನಿ. ಅದನ್ನು ಮೋಟರ್‌ಹೋಮ್ ಅಂತ ಕರೆದರೆ ನಮ್ಮ ಬೀದಿಯವರೇ ನಗುತ್ತಾರೆ. ನಗಲಿ ಬಿಡಿ. 1,35,000 ರೂಪಾಯಿ ಕೊಟ್ಟು 1994ರ ಮೆಟಾಡೋರ್ ತಂದು, ಎಂಟು ತಿಂಗಳು ಅದರ ಜೊತೆ ಗುದ್ದಾಡಿ, ಕೊನೆಗೆ 70,000ಕ್ಕೆ ಕೈತೊಳೆದುಕೊಂಡವನು ನಾನು. ನಡುವೆ ಒಂದು ಟಿಟಿಯಲ್ಲೂ, ಅಂದರೆ ಟೆಂಪೋ ಟ್ರಾವೆಲರಿನಲ್ಲೂ, ಎರಡು ರಾತ್ರಿ ಕಳೆದಿದ್ದೇನೆ. ಹಾಗಾಗಿ ನಗುವವರ ಮುಂದೆ ಸ್ವಲ್ಪ ಮಾತಾಡುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ನನ್ನದು ಮಂಡ್ಯದಲ್ಲಿ ಜೆರಾಕ್ಸ್ ಅಂಗಡಿ. ಶನಿವಾರ ರಾತ್ರಿ ಎಂಟಕ್ಕೆ ಶಟರ್ ಎಳೆದರೆ ಸೋಮವಾರ ಬೆಳಿಗ್ಗೆ ತೆಗೆಯಬೇಕು. ಹೋಗುವವರು ನಾವಿಬ್ಬರೇ, ಮಗ ಈಗ ನಮ್ಮ ಜೊತೆ ಬರುವ ವಯಸ್ಸು ದಾಟಿದ್ದಾನೆ. ಮೇಲುಕೋಟೆ, ಮುತ್ತತ್ತಿ, ಬಿಳಿಗಿರಿರಂಗನ ಬೆಟ್ಟ, ತೀರಾ ಹುಮ್ಮಸ್ಸು ಬಂದರೆ ಮಡಿಕೇರಿ. ವರ್ಷಕ್ಕೆ ಎಂಟೋ ಹತ್ತೋ ಸಲ. ಬಜೆಟ್ಟು ರಿಪೇರಿ ಸೇರಿ ಎರಡು ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ. ನಿಮ್ಮ ಲೆಕ್ಕ ಬೇರೆ ಇದ್ದರೆ ನಿಮ್ಮ ತೀರ್ಪೂ ಬೇರೆ ಇರುತ್ತದೆ.

ಮೆಟಾಡೋರ್ ಯಾಕೆ ತಗೊಂಡೆ ಅಂದರೆ ಅದಕ್ಕೆ ತಲೆ ಕಾರಣ ಅಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಮದುವೆ ದಿಬ್ಬಣ ಅಂದರೆ ಮೆಟಾಡೋರ್, ಸಂತೆಗೆ ಹೋಗುವುದು ಅಂದರೆ ಮೆಟಾಡೋರ್. ಆ ಚಪ್ಪಟೆ ಮೂತಿ ನೋಡಿದರೆ ಸಾಕು, ಕೈ ಜೇಬಿಗೆ ಹೋಯಿತು. ಮಾರಿದವನು ಬೇರೆ "ಬೆಂಜ್ ಎಂಜಿನ್ ಸಾ" ಅಂದ. ಅದು ಸುಳ್ಳಲ್ಲ. ಬಜಾಜ್ ಟೆಂಪೋ ಕಂಪನಿ 1980ರ ದಶಕದಿಂದ ಮೆಟಾಡೋರಿಗೆ ಕೂರಿಸುತ್ತಿದ್ದದ್ದು ಮರ್ಸಿಡಿಸ್‌ನ ಓಎಂ 616, 2.4 ಲೀಟರಿನ ಡೀಸೆಲ್. ಬೆಳಿಗ್ಗೆ ಕೀ ತಿರುಗಿಸಿ, ಹೀಟರ್ ಪ್ಲಗ್ ಬಿಸಿಯಾಗುವ ತನಕ ಕಾದು, ಆಮೇಲೆ ಸ್ಟಾರ್ಟ್ ಮಾಡಬೇಕು. ಎಂಟು ತಿಂಗಳಲ್ಲಿ ಆ ಎಂಜಿನ್ ಒಂದು ದಿನವೂ ಕೈಕೊಡಲಿಲ್ಲ. ಕೈಕೊಟ್ಟಿದ್ದು ಛಾವಣಿ.

ನಾನು ಗಾಡಿ ತಂದಿದ್ದು 2024ರ ಸಂಕ್ರಾಂತಿ ಕಳೆದ ಮೇಲೆ. ಆಗ ನಮ್ಮ ಕಡೆ ಮಳೆ ಎಲ್ಲಿ ಬರಬೇಕು? ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ಮೇ ತಿಂಗಳಲ್ಲಿ ಭರಣಿ ಮಳೆ ಬಂತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಧರಣಿ ಕತೆ ಗೊತ್ತಿಲ್ಲ, ನಮ್ಮ ಹಾಸಿಗೆಯಂತೂ ಗದ್ದೆಯಾಯಿತು. ಮೇಲುಕೋಟೆಗೆ ಹೋಗುವಾಗ ಜಕ್ಕನಹಳ್ಳಿ ಹತ್ತಿರ ಪರಿಚಯದವರ ತೋಟದ ಪಕ್ಕ ನಿಲ್ಲಿಸಿ ಮಲಗಿದ್ದೆವು. ರಾತ್ರಿ ಎರಡು ಗಂಟೆಗೆ ಕಾಲು ತಣ್ಣಗಾಯಿತು. ಟಾರ್ಚ್ ಹಾಕಿ ನೋಡಿದರೆ ಪಾದದ ಮೇಲಿನ ಪ್ಲೈವುಡ್ ಸಂದಿಯಿಂದ ತೊಟ್ಟು ತೊಟ್ಟಾಗಿ ನೀರು. ಉಳಿದ ರಾತ್ರಿ ಅದರ ಕೆಳಗೆ ಪಲಾವ್ ಪಾತ್ರೆ ಇಟ್ಟುಕೊಂಡು ಮೊಣಕಾಲು ಮಡಚಿ ಮಲಗಿದೆವು.

ಮನೆಗೆ ಬಂದು ಆ ಸಂದಿಯ ನೇರಕ್ಕೆ ಛಾವಣಿ ಮೇಲೆ ಎಂ-ಸೀಲ್ ಮೆತ್ತಿದೆ. ಪೈಪ್ ಹಿಡಿದು ಅರ್ಧ ಗಂಟೆ ನೀರು ಬಿಟ್ಟೆ. ಒಂದು ತೊಟ್ಟೂ ಇಲ್ಲ. ಗೆದ್ದೆ ಅಂದುಕೊಂಡು ಮುಂದಿನ ಶನಿವಾರ ಮತ್ತೆ ಹೋದರೆ ಮತ್ತೆ ಅದೇ ಜಾಗ, ಅದೇ ತೊಟ್ಟು. ಮತ್ತೆ ಮನೆ, ಮತ್ತೆ ಪೈಪ್, ಮತ್ತೆ ಒಂದು ಹನಿಯೂ ಇಲ್ಲ. ಹೀಗೆ ಮೂರು ಸಲ. ಗಾಜಿನ ಬೀಡಿಂಗ್ ಬದಲಾಯಿಸಿದೆ, 2,800 ಹೋಯಿತು. ಕಿಟಕಿಗೆ ಸಿಲಿಕಾನ್ ಹೊಡೆದೆ. ಬನ್ನಿಮಂಟಪದ ಕಡೆ ಒಬ್ಬ ಟಿಂಕರಿಂಗ್‌ನವನಿಗೆ ತೋರಿಸಿದರೆ, "ಅಣ್ಣ, ಸೋರಲ್ವಲ್ಲ, ಏನಂತ ರಿಪೇರಿ ಮಾಡ್ಲಿ" ಅಂದ. ಅವನ ತಪ್ಪಲ್ಲ, ಅಲ್ಲೂ ಸೋರಲಿಲ್ಲ.

ಕೊನೆಗೆ ಉಪಾಯ ಕೊಟ್ಟಿದ್ದು ಹೆಂಡತಿ. "ರೀ, ಎಲ್ಲ ಕಡೆ ಒಂದೇ ನೀರು ಸುರಿದರೆ ಎಲ್ಲಿಂದ ಬಂತು ಅಂತ ಹೇಗೆ ಗೊತ್ತಾಗುತ್ತೆ? ಬಣ್ಣ ಹಾಕಿ" ಅಂದಳು. ಮೂರು ಕೊಡ ತಗೊಂಡೆವು. ಒಂದಕ್ಕೆ ಅರಿಶಿನ, ಒಂದಕ್ಕೆ ಕುಂಕುಮ, ಒಂದಕ್ಕೆ ಬಟ್ಟೆಗೆ ಹಾಕುವ ನೀಲಿ. ಮುಂದೆ ಅರಿಶಿನ, ನಡುವೆ ನೀಲಿ, ಹಿಂದೆ ಕುಂಕುಮ ಅಂತ ಹಂಚಿಕೊಂಡು, ಈ ಸಲ ಮನೆ ಮುಂದೆ ಮಾಡದೆ, ತೋಟದ ಹತ್ತಿರ ಯಾವ ದಿಣ್ಣೆಗೆ ಮೂತಿ ಮೇಲೆ ಮಾಡಿ ನಿಲ್ಲಿಸಿದ್ದೆವೋ ಅಲ್ಲೇ ಹೋಗಿ ಸುರಿದೆವು. ತೋಟದವರು ಪೂಜೆ ಅಂದುಕೊಂಡರೋ ಏನೋ, ಒಂದು ಎಳನೀರು ಕಿತ್ತು ಕೊಟ್ಟು ಹೋದರು. ಹತ್ತು ನಿಮಿಷಕ್ಕೆ ಬಿಳಿ ಬೆಡ್‌ಶೀಟಿನ ಮೇಲೆ ಬಿತ್ತು ನೋಡಿ, ಹಳದಿ ಚುಕ್ಕೆ.

ಹಳದಿ ಅಂದರೆ ಮುಂದಿನ ನೀರು. ತೊಟ್ಟಿಕ್ಕುವ ಜಾಗಕ್ಕೂ ಅದಕ್ಕೂ ಆರು ಅಡಿ ದೂರ. ಛಾವಣಿ ಮೇಲೆ ಹಳೇ ಕ್ಯಾರಿಯರ್ ಇತ್ತು, ಅದರ ಮುಂದಿನ ಬೋಲ್ಟ್ ತೂತಿನಿಂದ ನೀರು ಇಳಿದು, ತಗಡಿಗೂ ಒಳಗಿನ ಪ್ಲೈವುಡ್‌ಗೂ ನಡುವೆ ಹರಿದುಕೊಂಡು ಬಂದು, ಮೊದಲ ಸಂದಿ ಸಿಕ್ಕಿದಲ್ಲಿ ಕೆಳಗೆ ಬೀಳುತ್ತಿತ್ತು. ನಮ್ಮ ಬೀದಿ ಇಳಿಜಾರು, ಗಾಡಿ ಮೂತಿ ಕೆಳಗೆ ಮಾಡಿ ನಿಲ್ಲುತ್ತೆ. ಅಲ್ಲಿ ಅದೇ ನೀರು ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡ್ ಹಿಂದೆ ಇಳಿದುಬಿಡುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ ಅಷ್ಟೆ. ಇಷ್ಟು ದಿನ ಸೋರುತ್ತಿಲ್ಲ ಅಂತ ಖುಷಿಪಟ್ಟಿದ್ದು ವೈರಿಂಗ್ ಮೇಲೆ ನೀರು ಸುರಿದುಕೊಂಡು.

ಪ್ಲೈವುಡ್ ಕಿತ್ತಾಗ ಮೇಲಿನ ತಗಡು ನೋಡಬೇಕಿತ್ತು. ಬೆರಳು ಒತ್ತಿದರೆ ಹಪ್ಪಳದ ಹಾಗೆ ಮುರಿದು, ಆ ತೂತಿನಿಂದ ಆಕಾಶ ಕಂಡಿತು. ಅದೇ ಟಿಂಕರಿಂಗ್‌ನವನು ಈಗ ಬಂದು ನೋಡಿ, "ಅಣ್ಣೋ, ಇದು ಗಾಡಿ ಅಲ್ಲ, ಜರಡಿ" ಅಂದ. ತಗಡು ಕತ್ತರಿಸಿ ಹೊಸದು ಬೆಸೆಯಲು 38,000, ಪೇಂಟ್ ಬೇರೆ.

ಅದನ್ನೂ ಕೊಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಕಾಗದದ ತಲೆನೋವು ಎದುರಾಯಿತು. ಖಾಸಗಿ ಗಾಡಿಯ ಆರ್‌ಸಿ ಮೊದಲು 15 ವರ್ಷ, ಆಮೇಲೆ ಪ್ರತಿ ಐದು ವರ್ಷಕ್ಕೆ ಗಾಡಿ ತೋರಿಸಿ ರಿನ್ಯೂ ಮಾಡಿಸಬೇಕು. ನನ್ನದು ಅಕ್ಟೋಬರಿಗೆ ಮುಗಿಯುತ್ತಿತ್ತು. ಆರ್‌ಸಿಯಲ್ಲಿ ಇದ್ದದ್ದು ಖಾಸಗಿ ಬಳಕೆಯ "ಓಮ್ನಿ ಬಸ್", 13 ಸೀಟು. (ಆ ಓಮ್ನಿಗೂ ಈ ಓಮ್ನಿಗೂ ಸಂಬಂಧ ಇಲ್ಲ, ಆದರೂ ಆಗಲೇ ಸೂಚನೆ ಸಿಕ್ಕಿತ್ತು ನೋಡಿ.) ಒಳಗೆ ಇದ್ದದ್ದು ಎರಡು ಸೀಟು, ಒಂದು ಮಂಚ, ಒಂದು ಸಿಂಕು, ಒಂದು ಬೀರು. ಹಿಂದಿನವನು ಎಲ್ಲ ಕಿತ್ತು ಜೋಡಿಸಿದ್ದ, ಕಾಗದದಲ್ಲಿ ಏನೂ ಬದಲಾಯಿಸಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ರೂಪಕ್ಕೆ ಗಾಡಿ ಮಾರ್ಪಾಡು ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಮೋಟರ್ ಕ್ಯಾರವಾನ್ ಅಂತಲೇ ಮಂಜೂರಾದ ಗಾಡಿಗಳಿಗೆ ಎಐಎಸ್-124 ಅನ್ನುವ ಬೇರೆ ಮಾನದಂಡ ಇದೆ, ಪ್ಲೈವುಡ್ ಮಂಚ ಹೊಡೆದ ಮಾತ್ರಕ್ಕೆ ಅದು ಸಿಗುವುದಿಲ್ಲ. 13 ಸೀಟು ಎಲ್ಲಿ ಅಂತ ಕೇಳಿದರೆ ನಾನು ಏನು ತೋರಿಸಲಿ?

ಹಾಗೆಯೇ, ಜಾಹೀರಾತಿನಲ್ಲಿ "ವಿಂಟೇಜ್" ಅಂತ ಕಂಡರೆ ಬೀಗಬೇಡಿ. 2021ರ ನಿಯಮದಲ್ಲಿ ವಿಂಟೇಜ್ ಅಂದರೆ 50 ವರ್ಷ ದಾಟಿರಬೇಕು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಅಷ್ಟೆಲ್ಲ ಮಾಡಿದರೂ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಮೇಲುಕೋಟೆಗೆ ಪುಳಿಯೋಗರೆ ತಿನ್ನಲು ಹೋಗುವುದು ಆ ಪಟ್ಟಿಯಲ್ಲಿ ಇಲ್ಲ. ನಮ್ಮದು ಸುಮ್ನೆ ಹಳೇ ಗಾಡಿ, ಅಷ್ಟೇ.

ಇನ್ನೊಂದು ಮಾತು. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಮೆಟಾಡೋರ್ 55ರಲ್ಲಿ ಹೋಗುವಾಗ ಪಕ್ಕದಲ್ಲಿ ಬಸ್ಸು ದಾಟಿದರೆ ಸ್ಟೇರಿಂಗ್ ಎರಡೂ ಕೈಯಲ್ಲಿ ಒತ್ತಿ ಹಿಡಿಯಬೇಕು. ನಾನು ಎರಡು ಸಲ ಹೋಗಿ ಮೂರನೇ ಸಲದಿಂದ ಸರ್ವೀಸ್ ರಸ್ತೆಗೇ ಇಳಿದೆ.

ಈಗ ಟಿಟಿ. ಟೆಂಪೋ ಟ್ರಾವೆಲರ್ 1987ರಲ್ಲಿ ಬಂದದ್ದು, ಮರ್ಸಿಡಿಸ್ ಟಿ1 ಅನ್ನುವ ವ್ಯಾನಿನ ವಿನ್ಯಾಸ. ನಾನು ನೋಡಿದ್ದು ಮೈಸೂರಿನಲ್ಲಿ, ಟೂರಿಸ್ಟ್ ಕೆಲಸ ಮುಗಿಸಿ ಕ್ಯಾಂಪರ್ ಆಗಿದ್ದ ಗಾಡಿ. ಡೀಸೆಲ್ ನನ್ನದು, ಎರಡು ರಾತ್ರಿ ಓಡಿಸಿ ನೋಡುತ್ತೇನೆ ಅಂದೆ, ಒಪ್ಪಿದರು. ಹೆಂಡತಿ ಒಳಗೆ ಹೋಗಿ ನೆಟ್ಟಗೆ ನಿಂತು ಸೀರೆ ನೆರಿಗೆ ಸರಿಮಾಡಿಕೊಂಡಳು. ಅಲ್ಲಿಗೆ ಅವಳ ತೀರ್ಪು ಮುಗಿಯಿತು. ನಿಜವಾಗಿ ಒಳ್ಳೇ ಗಾಡಿ. ಮಂಚ ದೊಡ್ಡದು, ಪುಟ್ಟ ಟಾಯ್ಲೆಟ್ ಇದೆ, ಮಳೆಯಲ್ಲೂ ಒಣಗಿತ್ತು. ಬೆಲೆ 5,25,000. ಅಲ್ಲಿಗೆ ನನ್ನ ತೀರ್ಪೂ ಮುಗಿಯಿತು.

ದುಡ್ಡಿದ್ದರೂ ಯೋಚಿಸುತ್ತಿದ್ದೆ ಅನ್ನಿ. ಯೆಲ್ಲೋ ಬೋರ್ಡ್ ಗಾಡಿ, ಎಂಟು ವರ್ಷ ದಾಟಿದ ಮೇಲೆ ವರ್ಷ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್. ನಮ್ಮ ಬೀದಿಯಲ್ಲಿ ನಿಲ್ಲಿಸಿದರೆ ಎದುರು ಮನೆಯವರು ಸ್ಕೂಟರ್ ತೆಗೆಯಲು ನನ್ನನ್ನು ಎಬ್ಬಿಸಬೇಕು. ಜೊತೆಗೆ ಎಸಿ ಓಡಿಸಲು ಜನರೇಟರ್ ಇತ್ತು, ನಾನು ಹಾಕಲಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತರಲ್ಲ, ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ನುಗ್ಗಿ. ಆ ಸುದ್ದಿ ಓದಿದಾಗ ಆ ಎರಡು ರಾತ್ರಿ ಸೆಖೆಯಲ್ಲಿ ಕಿಟಕಿ ತೆಗೆದು ಮಲಗಿದ್ದು ನೆನಪಾಯಿತು.

ಓಮ್ನಿ ಸಿಕ್ಕಿದ್ದು ಹುಡುಕಿ ಅಲ್ಲ. ಮೆಟಾಡೋರ್ ರಿಪೇರಿಗೆ ನಿಂತಿದ್ದಾಗ ಭಾವಮೈದುನನ ಎಂಟು ಸೀಟಿನ ಓಮ್ನಿ ಕೇಳಿ ತಂದಿದ್ದೆ. ಅದರಲ್ಲಿ ಹಿಂದಿನ ಎರಡು ಸೀಟು ಎದುರು ಬದುರು, ಹಳೇ ರೈಲಿನ ಹಾಗೆ. ನಡುವಿನ ಕಾಲಿಡುವ ಜಾಗಕ್ಕೆ ಒಂದು ಹಲಗೆ ಅಡ್ಡ ಹಾಕಿದರೆ ಮಂಚ! ಒಂದು ಬೋಲ್ಟ್ ಬಿಚ್ಚಬೇಕಿಲ್ಲ. ಹಲಗೆ, ಹಾಸಿಗೆ, ಒಲೆ ಎಲ್ಲ ಸಾಮಾನು, ಗಾಡಿಯ ಭಾಗ ಅಲ್ಲ. ಸೋಮವಾರ ಇಳಿಸಿಟ್ಟರೆ ಆರ್‌ಸಿಯಲ್ಲಿ ಇರುವ ಗಾಡಿಯೇ ಬಾಗಿಲಲ್ಲಿ ನಿಂತಿರುತ್ತದೆ. ಇದು ತಲೆಗೆ ಹೊಳೆದ ದಿನವೇ ಮೆಟಾಡೋರ್ ಮಾರುವುದು ಅಂತ ತೀರ್ಮಾನ ಮಾಡಿದೆ.

ಸೆಪ್ಟೆಂಬರಿನಲ್ಲಿ ಮೆಟಾಡೋರ್ ಹೋಯಿತು, ತಗೊಂಡವನು ಗುಜರಿಯಿಂದ ಸೀಟು ತಂದು ಮತ್ತೆ ಕೂರಿಸಿಕೊಳ್ಳುತ್ತೇನೆ ಅಂದ. ಅದೇ ದುಡ್ಡಿಗೆ 40,000 ಸೇರಿಸಿ 2008ರ ಓಮ್ನಿ ತಂದೆ, ಎಂಟು ಸೀಟಿನದೇ, ಆರ್‌ಸಿ 2028ರ ತನಕ ರಿನ್ಯೂ ಆಗಿದ್ದದ್ದು. ಇದನ್ನು ನೋಡಿಯೇ ತಗೊಳ್ಳಿ. ಮೊದಲು 600 ರೂಪಾಯಿ ಇದ್ದ ಕಾರಿನ ರಿನ್ಯೂವಲ್ ಫೀಸು 2022ರ ಏಪ್ರಿಲಿನಿಂದ 5,000 ಆಯಿತು, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಮೇಲೆ ಹಸಿರು ತೆರಿಗೆ ಬೇರೆ. ಅಂದರೆ 2028 ನನಗೂ ಸುಲಭ ಇಲ್ಲ.

ಹಲಗೆ ಹನ್ನೆರಡು ಎಂಎಂ ಪ್ಲೈವುಡ್, ನಡುವೆ ಕೀಲು, ಮಡಚಿದರೆ ಸೀಟಿನ ಕೆಳಗೆ ನುಗ್ಗುತ್ತದೆ. ಫೋಮ್ ಸೇರಿ 2,300. ಹಿಂದಿನ ಬಾಗಿಲು ಮೇಲೆತ್ತಿದರೆ ಅದೇ ಅಡುಗೆಮನೆ ಸೂರು, ಒಲೆ ಮಾತ್ರ ಯಾವತ್ತೂ ಹೊರಗೆ. ಸೊಳ್ಳೆಪರದೆಗೆ ವೆಲ್ಕ್ರೋ ಹೊಲಿಸಿದ್ದೇವೆ.

ದೋಷ ಇಲ್ಲ ಅಂತಲ್ಲ. ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಏಪ್ರಿಲಿನಲ್ಲಿ ಗುಂಡ್ಲುಪೇಟೆ ಮುಟ್ಟುವಷ್ಟರಲ್ಲಿ ಕೂತಲ್ಲೇ ಬೆಂದ ಹಾಗಾಗುತ್ತದೆ. ಗಾಳಿ ಜೋರಾದರೆ ಗಾಡಿ ಅಲ್ಲಾಡುತ್ತದೆ. ಮಲಗಲು ಉದ್ದ ಸಾಲದು, ಐದೂಕಾಲು ಅಡಿಯ ನಾನೇ ಮೂಲೆಯಿಂದ ಮೂಲೆಗೆ ಮಲಗಿ ಸ್ವಲ್ಪ ಮಂಡಿ ಮಡಚಬೇಕು, ಆರಡಿಯವರು ಈ ಲೇಖನ ಇಲ್ಲಿಗೇ ಬಿಡಬಹುದು. ನಿಲ್ಲುವ ಮಾತೇ ಇಲ್ಲ. ಗೋಪಾಲಸ್ವಾಮಿ ಬೆಟ್ಟದಲ್ಲಿ ಮಾತ್ರ ಈ ಮೂರೂ ಗಾಡಿ ಸಮ, ಯಾವುದಾದರೂ ಬುಡದಲ್ಲಿ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಲ್ಲೇ ಮೇಲೆ ಹೋಗಬೇಕು.

ಆದರೆ 796 ಸಿಸಿಯ ಈ ಎಂಜಿನ್ ನೋಡದ ಮೆಕ್ಯಾನಿಕ್ ನಮ್ಮ ಕಡೆ ಇಲ್ಲ. 1984ರಿಂದ 2019ರವರೆಗೆ ತಯಾರಾದ ಗಾಡಿ, ಮಳವಳ್ಳಿಯಲ್ಲಿ ಕ್ಲಚ್ ಕೇಬಲ್ ತುಂಡಾದಾಗ ಕಾಫಿ ಕುಡಿಯುವಷ್ಟರಲ್ಲಿ ಹೊಸದು ಹಾಕಿ ಕೊಟ್ಟರು. ಮೆಟಾಡೋರಿಗೆ ಒಂದು ಬಾಗಿಲ ಹಿಡಿಗೋಸ್ಕರ ನಾನು ಬೆಂಗಳೂರಿನ ಜೆಸಿ ರಸ್ತೆ ತನಕ ಹೋಗಿ ಬರಿಗೈಲಿ ಬಂದಿದ್ದೆ. ತಿಂಗಳಿಗೊಮ್ಮೆ ಒಂದು ರಾತ್ರಿ ಹೊರಗೆ ಮಲಗುವ, ಬಾಕಿ ದಿನ ಅದೇ ಗಾಡಿಯಲ್ಲಿ ಪೇಪರ್ ರಿಮ್ಮು ತರುವ ನನ್ನಂಥವನಿಗೆ ಇದೇ ಸರಿ. ನಿಮಗೆ ವಾರಗಟ್ಟಲೆ ಸುತ್ತುವ ಬಿಡುವು ಇದೆ, ಕೈಯಲ್ಲಿ ಆರು ಲಕ್ಷ ಇದೆ, ಮನೆ ಮುಂದೆ ಅಂಗಳ ಇದೆ ಅಂದರೆ ಟಿಟಿ ನೋಡಿ. ಮೆಟಾಡೋರ್ ಬೇಕೇ ಬೇಕು ಅನ್ನುವವರು ಮೂರು ಕೊಡ ಬಣ್ಣದ ನೀರು ಒಯ್ಯಿರಿ, ಮೂತಿ ಮೇಲೆ ಒಂದು ಸಲ, ಕೆಳಗೆ ಒಂದು ಸಲ ನಿಲ್ಲಿಸಿ ಸುರಿಯಿರಿ, ಮಾರುವವನು ಬೈದರೂ ಪರವಾಗಿಲ್ಲ.

ಹೆಂಡತಿ ಫೋನಿನಲ್ಲಿ ಆ ಟಿಟಿಯ ಫೋಟೋ ಇನ್ನೂ ಇದೆ. ಓಮ್ನಿಯ ಹಿಂದಿನ ಬಾಗಿಲು ಈಚೆಗೆ ತಾನಾಗಿ ಮೇಲೆ ನಿಲ್ಲುತ್ತಿಲ್ಲ, ಸದ್ಯಕ್ಕೆ ಸೌಟು ಕಟ್ಟಿದ ಒಂದು ಬಿದಿರು ಕೋಲು ಕೊಟ್ಟು ನಿಲ್ಲಿಸುತ್ತಿದ್ದೇವೆ. ಶನಿವಾರ ಮುತ್ತತ್ತಿಗೆ ಹೊರಡುವ ಮುಂಚೆ ಅದನ್ನು ಸರಿಮಾಡಿಸಬೇಕು.