ಗೆಡ್ಡೆಯ ಎಚ್‌ಆರ್‌ಡಿ ಪರೀಕ್ಷೆ: ಕೆಲಸ ಅಚ್ಚುಕಟ್ಟು, ವಿವರಣೆ ಸಾಲದು

ಅಕ್ಕನ ಅಂಡಾಶಯದ ಕ್ಯಾನ್ಸರ್ ಮೂರನೆಯ ಹಂತದಲ್ಲಿ ಪತ್ತೆಯಾಗಿ, ಕೀಮೋ ಮತ್ತು ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ, ಮುಂದಿನ ನಿರ್ವಹಣಾ ಚಿಕಿತ್ಸೆ (ರೋಗ ಮತ್ತೆ ಬೆಳೆಯದಂತೆ ತಡೆಯಲು ಕೊಡುವುದು) ಯಾವುದೆಂದು ತೀರ್ಮಾನಿಸಲು ವೈದ್ಯರು ಎಚ್‌ಆರ್‌ಡಿ ಪರೀಕ್ಷೆ ಮಾಡಿಸಿದರು. ಅದನ್ನು ನಡೆಸಿಕೊಟ್ಟ ಖಾಸಗಿ ಪ್ರಯೋಗಾಲಯದ ಸೇವೆಯ ಬಗ್ಗೆ ಈ ಅಭಿಪ್ರಾಯ.

ತುಂಡಾದ ಡಿಎನ್‌ಎಯನ್ನು ತಪ್ಪಿಲ್ಲದೆ ಬೆಸೆಯುವ ಶಕ್ತಿಯನ್ನು ಗೆಡ್ಡೆಯ ಜೀವಕೋಶಗಳು ಕಳೆದುಕೊಂಡಿವೆಯೇ ಎಂಬುದನ್ನು ಈ ಪರೀಕ್ಷೆ ತಿಳಿಸುತ್ತದೆ. ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಕಾಣುವ ಹೈ ಗ್ರೇಡ್ ಸೀರಸ್ ಬಗೆಯ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಈ ಕೊರತೆ (ಅದೇ ಎಚ್‌ಆರ್‌ಡಿ) ಇರುತ್ತದೆ, ಮತ್ತು ಒಲಾಪರಿಬ್‌ನಂತಹ ಪಾರ್ಪ್ ಔಷಧಿಗಳು (ಡಿಎನ್‌ಎ ದುರಸ್ತಿಗೆ ನೆರವಾಗುವ ಪಾರ್ಪ್ ಎಂಬ ಪ್ರೋಟೀನನ್ನು ತಡೆಯುವವು) ಅಂಥವುಗಳ ಮೇಲೆಯೇ ಚೆನ್ನಾಗಿ ಕೆಲಸ ಮಾಡುತ್ತವೆ.

ಮೊದಲ ಮಾದರಿ ತಿರಸ್ಕೃತವಾಯಿತು. ನಾವು ಕಳುಹಿಸಿದ್ದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದ ಪ್ಯಾರಾಫಿನ್ ಬ್ಲಾಕ್, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ತುಣುಕು. ಕೀಮೋದಿಂದ ಕರಗಿಹೋಗಿದ್ದ ಅದರಲ್ಲಿ ಕ್ಯಾನ್ಸರ್ ಜೀವಕೋಶಗಳು ಸಾಕಷ್ಟು ಉಳಿದಿರಲಿಲ್ಲ. ಕೀಮೋಗೆ ಮುಂಚಿನ ಬಯಾಪ್ಸಿಯ ಬ್ಲಾಕ್ ಇದ್ದರೆ ಅದನ್ನೇ ಕೊಡಿ ಎಂಬ ಒಂದು ಸಾಲನ್ನು ಅರ್ಜಿಯ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ಮುದ್ರಿಸುವ ಬದಲು, ಮಾದರಿ ತೆಗೆದುಕೊಳ್ಳಲು ಬಂದವರು ಬಾಯಿಬಿಟ್ಟು ಹೇಳಿದ್ದರೆ ಮೂರು ವಾರ ಉಳಿಯುತ್ತಿತ್ತು.

ಎರಡನೆಯ ಬಾರಿ ವರದಿ ಹೇಳಿದ ದಿನಕ್ಕೇ ಬಂತು. ಬಿಆರ್‌ಸಿಎ 1 ಮತ್ತು 2 ಎಂಬ ಡಿಎನ್‌ಎ ದುರಸ್ತಿಯ ಜೀನ್‌ಗಳಲ್ಲಿ ದೋಷವಿಲ್ಲ, ಜೀನೋಮ್ ಅಸ್ಥಿರತೆಯ ಅಂಕ 51. ಅವರ ವಿಧಾನದಲ್ಲಿ 42 ಅಥವಾ ಅದಕ್ಕೂ ಮೇಲಿದ್ದರೆ ಪಾಸಿಟಿವ್, ಅಂದರೆ ದುರಸ್ತಿಯ ಕೊರತೆ ಇದೆ ಎಂದರ್ಥ. ಬಿಆರ್‌ಸಿಎ ಮಾತ್ರ ನೋಡಿದ್ದರೆ ಅಕ್ಕನನ್ನು ಲಾಭ ಕಡಿಮೆ ಇರುವವರ ಗುಂಪಿಗೆ ಸೇರಿಸಿಬಿಡುತ್ತಿದ್ದರು. 2019ರಲ್ಲಿ ಪ್ರಕಟವಾದ ಪಾವೊಲಾ-1 ಪ್ರಯೋಗದಲ್ಲಿ, ಬಿಆರ್‌ಸಿಎ ದೋಷವಿಲ್ಲದೆಯೂ ಎಚ್‌ಆರ್‌ಡಿ ಪಾಸಿಟಿವ್ ಆಗಿದ್ದವರಲ್ಲಿ, ಬೆವಾಸಿಜುಮ್ಯಾಬ್ (ಗೆಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಔಷಧಿ) ಜೊತೆ ಒಲಾಪರಿಬ್ ಕೊಟ್ಟಾಗ ರೋಗ ಮತ್ತೆ ಬೆಳೆಯದೆ ಉಳಿದ ಮಧ್ಯಕ ಅವಧಿ 28.1 ತಿಂಗಳು, ಬೆವಾಸಿಜುಮ್ಯಾಬ್ ಒಂದನ್ನೇ ಕೊಟ್ಟಾಗ 16.6. ಅಕ್ಕನಿಗೆ ಈಗ ಕೊಡುತ್ತಿರುವುದು ಆ ಜೋಡಿಯನ್ನೇ.

ಆದರೆ ವರದಿಯ ನಾಲ್ಕನೆಯ ಪುಟದಲ್ಲಿ ಮತ್ತೊಂದು ಜೀನ್‌ನ ಹೆಸರು ಕೆಂಪು ಅಕ್ಷರದಲ್ಲಿತ್ತು. ನಾವು ಇಡೀ ರಾತ್ರಿ ಹೆದರಿ ಕುಳಿತೆವು. ಮರುದಿನ ವೈದ್ಯರು, ಅದು ಅರ್ಥ ಇನ್ನೂ ನಿಶ್ಚಯವಾಗದ ಬದಲಾವಣೆ, ಅದನ್ನು ನೋಡಿ ಚಿಕಿತ್ಸೆಯನ್ನು ಬದಲಿಸುವಂತಿಲ್ಲ ಎಂದರು. ಹಾಗಿದ್ದ ಮೇಲೆ ಆ ಕೆಂಪು ಬಣ್ಣ ಏಕೆ?

ವರದಿ ಹೇಳದೆ ಬಿಟ್ಟ ಇನ್ನೊಂದು ಸಂಗತಿಯಿದೆ. ಈ ಅಂಕ ಎಣಿಸುವುದು ಜೀನೋಮ್ ಮೇಲೆ ಹಿಂದೆ ಬಿದ್ದ ಕಲೆಗಳನ್ನು. ಚಿಕಿತ್ಸೆಯ ನಡುವೆ ಜೀವಕೋಶಗಳು ದುರಸ್ತಿಯ ಶಕ್ತಿಯನ್ನು ಮರಳಿ ಪಡೆದರೂ ಕಲೆ ಅಳಿಯುವುದಿಲ್ಲ, ಅಂಕವೂ ಇಳಿಯುವುದಿಲ್ಲ. ಹಾಗಾಗಿ ರೋಗ ಮರುಕಳಿಸಿದರೆ ಹಳೆಯ 51ನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ತಂಗಿಯಾದ ನನಗೆ ಅಪಾಯವೆಷ್ಟು ಎಂಬ ಪ್ರಶ್ನೆಗೂ ಇಲ್ಲಿ ನೇರ ಉತ್ತರವಿಲ್ಲ. ಹುಟ್ಟಿನಿಂದಲೇ ಬಂದ ಜೀನ್ ದೋಷವಿದೆಯೇ ಎಂದು ತಿಳಿಯಲು ಅಕ್ಕನ ರಕ್ತದ ಪರೀಕ್ಷೆಯನ್ನು ಬೇರೆಯಾಗಿ ಮಾಡಿಸಬೇಕಾಯಿತು.

ಪರೀಕ್ಷೆಯ ಗುಣಮಟ್ಟಕ್ಕೆ ಐದರಲ್ಲಿ ನಾಲ್ಕೂವರೆ, ವಿವರಣೆಗೆ ಎರಡು. ಇದೇ ಪರೀಕ್ಷೆಗೆ ಹೊರಟವರು ಬ್ಲಾಕ್ ಕಳುಹಿಸುವ ಮುಂಚೆ, ಅದರಲ್ಲಿ ಕ್ಯಾನ್ಸರ್ ಜೀವಕೋಶಗಳು ಶೇಕಡಾ ಎಷ್ಟಿವೆ ಎಂದು ಪೆಥಾಲಜಿ ವೈದ್ಯರಿಂದ ಬರೆಸಿಕೊಳ್ಳಿ.