ಬಾದಾಮಿಯ ಬಂಡೆಗೆ ಯಾವ ಬೂಟು, ವಿಜಯಪುರದ ಬೀದಿಗೆ ಯಾವ ಚಪ್ಪಲಿ

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ದಸರೆಯ ರಜೆಗೋ ದೀಪಾವಳಿಗೋ ನೆಂಟರು ಬಂದರೆ ಅವರಿಗೆ ಬಾದಾಮಿ, ಪಟ್ಟದಕಲ್ಲು, ಐಹೊಳೆ ತೋರಿಸುವ ಕೆಲಸ ನನ್ನ ಪಾಲಿಗೆ. ಇನ್ನೊಂದು ದಿನ ಉಳಿದರೆ ವಿಜಯಪುರ. ಬರುವವರು ಟೋಪಿ, ನೀರಿನ ಬಾಟಲಿ, ಫೋನಿನ ಚಾರ್ಜರ್ ಎಲ್ಲ ನೆನಪಿಟ್ಟು ತರುತ್ತಾರೆ. ಕಾಲಿಗೆ ಏನು ಹಾಕಿಕೊಳ್ಳಬೇಕು ಎಂದು ಮಾತ್ರ ಯೋಚಿಸಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಧ ಮಂದಿ ಗಿಡದ ನೆರಳು ಹಿಡಿದು ಕೂತು ಅಂಗಾಲು ಒತ್ತಿಕೊಳ್ಳುತ್ತಿರುತ್ತಾರೆ. ಅಷ್ಟು ದೂರದಿಂದ ಬಂದವರು ಐಹೊಳೆಯ ಮೇಗುತಿ ಗುಡ್ಡ ಹತ್ತದೆ, ರವಿಕೀರ್ತಿಯ 634ರ ಶಾಸನ ನೋಡದೆ ಕೆಳಗಿನಿಂದಲೇ ವಾಪಸ್ ಹೋಗುವುದು ನನಗೆ ನಿಜಕ್ಕೂ ಸಂಕಟ. ಹಾಗಾಗಿ ಬೇರೆ ಬೇರೆ ನಮೂನೆಯ ಕಾಲ್ಮರಿಗಳನ್ನು ಇವೇ ದಾರಿಗಳಲ್ಲಿ, ಇಡೀ ದಿನ ಹಾಕಿಕೊಂಡು ನಡೆದು ನೋಡಿದ್ದೇನೆ.

ಮೊದಲು ನೆಲದ ಮಾತು. ಬಾದಾಮಿಯದು ಕೆಂಪು ಮರಳುಗಲ್ಲು. ಮೂರನೇ ಗುಹೆಯಲ್ಲಿ ಮಂಗಳೇಶ ಹಾಕಿಸಿದ 578ರ ಶಾಸನವಿದೆ. ಅಷ್ಟು ಕಾಲದಿಂದ ಜನ ಓಡಾಡಿದ ಕಲ್ಲು ನಡುವೆ ಸವೆದು ನುಣುಪಾಗಿದೆ, ಅಂಚಿನಲ್ಲಿ ಒರಟಾಗಿಯೇ ಉಳಿದಿದೆ. ಮೆಟ್ಟಿಲುಗಳು ಒಂದು ಗಿಡ್ಡ, ಒಂದು ಎತ್ತರ. ಕಲ್ಲಿನ ಮೇಲೆ ಉದುರಿದ ಮರಳು ಬೇರೆ. ಪಟ್ಟದಕಲ್ಲು, ಐಹೊಳೆಯ ಅಂಗಳಗಳು ಸಮತಟ್ಟು, ಆದರೆ ಬಿಸಿಲಿಗೆ ಬಿದ್ದವು. ವಿಜಯಪುರದಲ್ಲಿ ಗೋಲಗುಮ್ಮಟ ಊರಿನ ಪೂರ್ವಕ್ಕೆ, ಇಬ್ರಾಹಿಂ ರೋಜಾ ಪಶ್ಚಿಮಕ್ಕೆ. ನಡುವೆ ಬಾರಾ ಕಮಾನು, ಉಪಲಿ ಬುರುಜು ನೋಡುತ್ತ ಹೋದರೆ ಎಲ್ಲ ಡಾಂಬರು, ಕಾಂಕ್ರೀಟು. ಇದರ ಜೊತೆಗೆ ನಮ್ಮ ಕಡೆಯ ಪ್ರವಾಸದಲ್ಲಿ ಕಾಲ್ಮರಿ ಬಿಚ್ಚುವುದು, ಹಾಕುವುದು ದಿನವಿಡೀ ನಡೆದೇ ಇರುತ್ತದೆ. ಬನಶಂಕರಿ, ಮಹಾಕೂಟ, ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ, ಎಲ್ಲ ಕಡೆ ಪೂಜೆ ನಡೆಯುತ್ತದೆ. ಈ ನೆಲ, ಈ ಬಿಚ್ಚಾಟ ಎರಡನ್ನೂ ತಡೆದುಕೊಳ್ಳುವ ಜೋಡು ಯಾವುದು ಎಂಬುದೇ ಪ್ರಶ್ನೆ.

ಈಗ ಅಂಗಡಿಗಳಲ್ಲಿ ಎಲ್ಲರೂ ಮೊದಲು ಕೈಗೆ ಕೊಡುವುದು ಮೆಮೊರಿ ಫೋಮ್ ಹಾಕಿದ, ಲೇಸಿಲ್ಲದ ಬೂಟು. ಕಾಲು ಇಟ್ಟ ಕ್ಷಣಕ್ಕೆ ಹಿತವೆನಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಬಿಚ್ಚಿ ಹಾಕಲು ಬಗ್ಗಬೇಕಾಗಿಯೂ ಇಲ್ಲ. ನನ್ನ ಚಿಗವ್ವ ಇದನ್ನೇ ಆರಿಸಿಕೊಂಡಿದ್ದಳು. ಬೆಳಿಗ್ಗೆ ಗುಹೆಗಳ ತನಕ ಖುಷಿಯಾಗಿದ್ದಳು. ಅಗಸ್ತ್ಯತೀರ್ಥದ ಕೆರೆ ಸುತ್ತಿ ಭೂತನಾಥ ಗುಡಿ ಮುಟ್ಟುವಷ್ಟರಲ್ಲಿ, "ಮೆತ್ತಗ ಅದಾವ ಖರೆ, ಆದ್ರ ಕಾಲು ಒಳಗ ತೇಲತಾವ ನೋಡವಾ," ಅಂದಳು. ಇದಕ್ಕಿಂತ ಸರಿಯಾಗಿ ನಾನೂ ಹೇಳಲಾರೆ. ಆ ಫೋಮ್ ಬಿಸಿಯಾದಷ್ಟೂ ಇನ್ನಷ್ಟು ಮೆತ್ತಗಾಗುತ್ತದೆ, ಮೈಭಾರಕ್ಕೆ ಚಪ್ಪಟೆಯಾಗುತ್ತದೆ. ಮಧ್ಯಾಹ್ನ ದಾಟಿದರೆ ಹಿಮ್ಮಡದ ಕೆಳಗೆ ಕಲ್ಲೇ ಸಿಗುತ್ತದೆ. ಹಿಂಭಾಗದಲ್ಲಿ ಗಟ್ಟಿ ಇಲ್ಲದ್ದರಿಂದ ಪ್ರತಿ ಹೆಜ್ಜೆಗೂ ಹಿಮ್ಮಡ ಮೇಲೆದ್ದು ಉಜ್ಜುತ್ತದೆ, ಗುಳ್ಳೆ ಏಳುವುದು ಅಲ್ಲಿಂದಲೇ. ವಿಜಯಪುರದ ಉಪಲಿ ಬುರುಜಿನ ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಇಳಿಯುವಾಗಂತೂ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಬೂಟಿನ ಮೂತಿಗೆ ಬಡಿಯುತ್ತಲೇ ಇರುತ್ತದೆ. ಬಸ್ಸು, ರೈಲಿನ ಪಯಣಕ್ಕೆ, ಸಂಜೆ ಊಟಕ್ಕೆ ಹೋಗಿ ಬರಲು ಇದು ಸಾಕು. ದಿನವಿಡೀ ನಡೆಯಲು ನಾನು ಯಾರಿಗೂ ಹೇಳುವುದಿಲ್ಲ.

ತೆಳ್ಳನೆಯ ಅಟ್ಟೆಯ ಕ್ಯಾನ್ವಾಸ್ ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೋದಲ್ಲಿ ಚೆಂದ. ಒಳಗೆ ಅಂಗಾಲಿನ ಕಮಾನಿಗೆ ಆಸರೆಯೇ ಇಲ್ಲ, ಒಂದೊಂದು ಕಲ್ಲಿನ ಮೊನೆಯೂ ಲೆಕ್ಕಕ್ಕೆ ಸಿಗುತ್ತದೆ.

ಕೊಲ್ಹಾಪುರಿಯ ವಿಷಯ ಹಾಗಲ್ಲ. ಅದು ನಮ್ಮದೇ ಕಾಲ್ಮರಿ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಅದು ಮಹಾರಾಷ್ಟ್ರದ ಜೊತೆ ಕರ್ನಾಟಕಕ್ಕೂ ಸೇರಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕೂ ಜಿಲ್ಲೆಗಳು ಅದರಲ್ಲಿವೆ. ನನ್ನ ಜೋಡು ಅಥಣಿಯದು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಮೊಳೆ ಇಲ್ಲ, ಅಟ್ಟೆಯ ಪದರುಗಳನ್ನು ತೊಗಲಿನ ದಾರದಿಂದಲೇ ಹೊಲಿದಿದ್ದಾರೆ. ತಿರುಗಿಸಿ ನೋಡಿದರೆ ಅಂಚಿನುದ್ದಕ್ಕೂ ಹೊಲಿಗೆ ಸಾಲಾಗಿ ಕಾಣುತ್ತದೆ, ಒಂದಕ್ಕೊಂದು ಕೂದಲೆಳೆಯಷ್ಟು ಹೆಚ್ಚುಕಡಿಮೆ, ಕೈಕೆಲಸ ಎಂದು ಅದರಿಂದಲೇ ಗೊತ್ತಾಗುತ್ತದೆ. ಕೊಡುವಾಗ ಅಂಗಡಿಯವರು, "ಅಕ್ಕಾರ, ಮೊದಲ ನಾಕ ದಿನ ಮನ್ಯಾಗ ಹಾಕ್ಕೋರಿ, ಎಣ್ಣಿ ಹಚ್ಚರಿ, ಆಮ್ಯಾಲ ಹೊರಗ ಹೋಗರಿ," ಅಂದಿದ್ದರು. ಹಾಗೇ ಮಾಡಿದೆ. ಉಂಗುಟ ಮೊದಲು ಕಡಿಯಿತು, ಆಮೇಲೆ ಪಳಗಿತು. ತಿಂಗಳು ಕಳೆಯುವಷ್ಟರಲ್ಲಿ ಅಟ್ಟೆಯ ಮೇಲೆ ನನ್ನ ಹಿಮ್ಮಡ, ಬೆರಳುಗಳ ಗುರುತು ಇಳಿದು ಆ ಜೋಡು ನನ್ನ ಕಾಲಿಗೇ ಅಚ್ಚು ಹಾಕಿದಂತಾಯಿತು. ಬೆವರಿಲ್ಲ, ವಾಸನೆಯಿಲ್ಲ, ಬಿಸಿಲಿಗೆ ಕಾಲು ಕುದಿಯುವುದಿಲ್ಲ. ಗುಡಿಯ ಮುಂದೆ ಬಿಡಲು ಒಂದು ಕ್ಷಣ.

ಇಷ್ಟೆಲ್ಲ ಇದ್ದರೂ ಬಾದಾಮಿಯ ಬಂಡೆ ಹತ್ತಲು ನಾನು ಅದನ್ನು ಹಾಕುವುದಿಲ್ಲ. ಹಿಮ್ಮಡ ಹಿಡಿಯುವ ಪಟ್ಟಿ ಅದಕ್ಕಿಲ್ಲ. ಜೋಡು ಜಾರದಂತೆ ಬೆರಳುಗಳೇ ಬಿಗಿ ಹಿಡಿಯಬೇಕು. ಮನೆಯಿಂದ ಸಂತೆಗೆ ಹೋಗಿ ಬರುವಾಗ ಇದು ತಿಳಿಯುವುದಿಲ್ಲ. ಇಡೀ ದಿನ ಹತ್ತಿ ಇಳಿದರೆ ಸಂಜೆ ಮೀನಖಂಡ ಸೆಟೆದುಕೊಳ್ಳುತ್ತದೆ. ಅಪ್ಪಟ ತೊಗಲಿನ ಅಟ್ಟೆ ನುಣುಪು ಕಲ್ಲಿನ ಮೇಲೆ ಜಾರುತ್ತದೆ, ಮೇಲೆ ಮರಳಿದ್ದರೆ ಇನ್ನೂ ಹೆಚ್ಚು. ಕೆಲವರು ಕೆಳಗೆ ರಬ್ಬರ್ ಅಂಟಿಸಿಕೊಡುತ್ತಾರೆ. ಹಿಡಿತ ಸುಧಾರಿಸುತ್ತದೆ, ಹಿಮ್ಮಡದ ಕಷ್ಟ ಹಾಗೇ ಉಳಿಯುತ್ತದೆ. ಮಳೆಯಲ್ಲಿ ನೆಂದರಂತೂ ತೊಗಲು ಊದಿ ಆಕಾರ ಕೆಡುತ್ತದೆ. ಪಟ್ಟದಕಲ್ಲಿನ ಅಂಗಳಕ್ಕೆ, ಸಂಜೆ ತಿರುಗಾಟಕ್ಕೆ, ಮದುವೆ ಮನೆಗೆ ಇದಕ್ಕಿಂತ ಒಳ್ಳೆಯ ಜೋಡಿಲ್ಲ. ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕಸುಬುದಾರರ ಕೈಕೆಲಸ ಎಲ್ಲರ ಕಾಲಲ್ಲೂ ಇರಲಿ ಎಂದು ನನಗೆ ಆಸೆ. ಆದರೆ ಮೊದಲ ಸಲ ಹಾಕುವವರು ಅದನ್ನೇ ಕಟ್ಟಿಕೊಂಡು ಗುಡ್ಡ ಹತ್ತಲು ಹೊರಟರೆ ತಡೆಯುತ್ತೇನೆ.

ಇನ್ನು ಓಡುವವರು ಹಾಕುವ ಬೂಟು. ನನ್ನ ಮಟ್ಟಿಗೆ ಬಾದಾಮಿ, ಐಹೊಳೆಗೆ ಇದೇ ಮೊದಲು. ಕಾರಣ ಮೆತ್ತಗಿರುವುದಲ್ಲ, ಹಿಂದಿನ ಗಟ್ಟಿ. ಒಳ್ಳೆಯ ಜೋಡಿನಲ್ಲಿ ಹಿಮ್ಮಡದ ಹಿಂದಿನ ಗೋಡೆಯನ್ನು ಹೆಬ್ಬೆರಳಿಂದ ಒತ್ತಿದರೆ ಸುಲಭಕ್ಕೆ ಕುಸಿಯುವುದಿಲ್ಲ. ಮೂತಿ ಮತ್ತು ಹಿಮ್ಮಡ ಹಿಡಿದು ಬಗ್ಗಿಸಿದರೆ ಬೆರಳುಗಳು ಮಡಚುವ ಜಾಗದಲ್ಲೇ ಬಗ್ಗುತ್ತದೆ. ನಟ್ಟನಡುವೆ ಮಡಚಿದರೆ ಆ ಬೂಟು ಕಮಾನಿಗೆ ಆಸರೆ ಕೊಡದು. ಬಟ್ಟೆ ಹಿಂಡುವಂತೆ ತಿರುಚಿದಾಗ ಸ್ವಲ್ಪ ತಿರುಗಬೇಕು, ಪೂರ್ತಿ ತಿರುಗಬಾರದು. ಅಂಗಡಿಯಲ್ಲಿ ನಿಂತು ಇಷ್ಟು ನೋಡಲು ಒಂದು ನಿಮಿಷ ಸಾಕು, ಯಾರೂ ಏನೂ ಅನ್ನುವುದಿಲ್ಲ.

ಇದರ ಲೇಸಿನಲ್ಲೂ ಒಂದು ಉಪಾಯವಿದೆ. ಬಹಳ ಬೂಟುಗಳಲ್ಲಿ ಕಣಕಾಲಿನ ಹತ್ತಿರ, ತುಸು ಹಿಂದಕ್ಕೆ, ಒಂದು ಹೆಚ್ಚಿನ ತೂತು ಇರುತ್ತದೆ. ಬಹುತೇಕ ಮಂದಿ ಅದನ್ನು ಮುಟ್ಟುವುದೇ ಇಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ತೂರಿಸಿ ಸಣ್ಣ ಕುಣಿಕೆ ಬಿಡಬೇಕು, ಎದುರು ಬದಿಯ ತುದಿಯನ್ನು ಆ ಕುಣಿಕೆಯೊಳಗೆ ಹಾಯಿಸಿ ಎಳೆದು ಕಟ್ಟಬೇಕು. ಹಿಮ್ಮಡ ಹಿಂದಕ್ಕೆ ಕೂತು ಅಲ್ಲೇ ನಿಲ್ಲುತ್ತದೆ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಬಡಿಯುವುದು ತಪ್ಪುತ್ತದೆ. ಬಾದಾಮಿಯ ಮ್ಯೂಸಿಯಂ ಪಕ್ಕದಿಂದ ಎರಡು ಬಂಡೆಗಳ ಸಂದಿಯಲ್ಲಿ ಉತ್ತರದ ಕೋಟೆ ಹತ್ತುವ ದಾರಿ ಇದೆಯಲ್ಲ, ಮೇಲಿನ ಶಿವಾಲಯ ನೋಡಿ ಆ ಮೆಟ್ಟಿಲು ಇಳಿಯುವಾಗ ಈ ಕಟ್ಟು ಎಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯುತ್ತದೆ.

ಕೊರತೆ ಇಲ್ಲದಿಲ್ಲ. ಪ್ರತಿ ಗುಡಿಯ ಮುಂದೆ ಕೂತು ಲೇಸು ಬಿಚ್ಚಬೇಕು. ಜಾಳಿಗೆಯ ಮೇಲ್ಬಟ್ಟೆಯಲ್ಲಿ ಕೆಂಪು ಧೂಳು ಹೊಕ್ಕರೆ ತೊಳೆದರೂ ಪೂರ್ತಿ ಹೋಗದು. ಜಾಲಿ ಮುಳ್ಳು ತುಳಿದರೆ ಮೆತ್ತನೆಯ ಫೋಮಿನ ಅಟ್ಟೆಯನ್ನು ತೂರಿ ಬರಬಹುದು, ಹಾಗಾಗಿ ಅಡಿಯಲ್ಲಿ ರಬ್ಬರಿನ ಪದರ ಪೂರ್ತಿ ಇದೆಯೇ ನೋಡಿ. ಈಗೀಗ ತೀರಾ ದಪ್ಪ ಫೋಮಿನ, ಎತ್ತರದ ಬೂಟುಗಳು ಬರುತ್ತಿವೆ. ವಿಜಯಪುರದ ಕಾಂಕ್ರೀಟಿಗೆ ಅವು ಬಹಳ ಹಿತ, ಆದರೆ ಏರುಪೇರಿನ ಕಲ್ಲಿನ ಮೇಲೆ ಪಾದ ಪಕ್ಕಕ್ಕೆ ವಾಲುತ್ತದೆ. ಕಣಕಾಲು ಒಮ್ಮೆ ಉಳುಕಿದವರು ಅಂಥದ್ದನ್ನು ಬಾದಾಮಿಗೆ ತರಬೇಡಿ.

ಕಣಕಾಲು ಮುಚ್ಚುವ ಟ್ರೆಕ್ಕಿಂಗ್ ಬೂಟನ್ನು ಬಾದಾಮಿ ಹತ್ತಿರದ ಸಿಡಿಲಫಡಿಯ ದಾರಿಗೆ ಹಾಕಿಕೊಂಡು ಹೋಗಿದ್ದೆ. ಕುರುಚಲು ಕಾಡು, ಸಡಿಲ ಕಲ್ಲು, ಮುಳ್ಳು. ಅಲ್ಲಿ ಅದು ತನ್ನ ಬೆಲೆ ತೋರಿಸಿತು. ಉಳಿದೆಡೆ ಭಾರ, ಸೆಕೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟಿದಾಗ ಅದರೊಳಗೆ ಕಾಲ್ಚೀಲ ಹಿಂಡುವಷ್ಟು ನೆನೆಯುತ್ತದೆ. ಗುಡಿ, ಗುಹೆಗಳ ಪ್ರವಾಸಕ್ಕೆ ಅದು ಬೇಕಿಲ್ಲ.

ಓಟದ ಬೂಟಿಗೆ ನಿಜವಾಗಿ ಪೈಪೋಟಿ ಕೊಟ್ಟದ್ದು ಹಿಂದೆ ಪಟ್ಟಿ ಇರುವ, ದಪ್ಪ ರಬ್ಬರ್ ಅಟ್ಟೆಯ ಸ್ಯಾಂಡಲ್. ಮುಂದೆ, ಮೇಲೆ, ಹಿಂದೆ ಮೂರೂ ಕಡೆ ಪಟ್ಟಿ ಸಡಿಲಿಸಿ ಬಿಗಿಮಾಡುವಂತಿರಬೇಕು. ಎರಡು ಪಟ್ಟಿ ಮಾತ್ರ ಸರಿಹೊಂದಿಸಬಹುದಾದ್ದು ಬೇಡ. ಸಂಜೆಗೆ ಎಲ್ಲರ ಪಾದವೂ ತುಸು ಊದುತ್ತದೆ. ಬೂಟಿನೊಳಗೆ ಬಿಗಿಯಾಗುವ ಹೊತ್ತಿಗೆ ಸ್ಯಾಂಡಲ್‌ನವರು ಪಟ್ಟಿ ಸಡಿಲಿಸಿ ಮುಂದೆ ಹೋಗುತ್ತಾರೆ. ಬನಶಂಕರಿ, ಮಹಾಕೂಟ, ಪಟ್ಟದಕಲ್ಲು ಒಂದೇ ದಿನ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಮಹಾಕೂಟದಲ್ಲಿ ಪುಷ್ಕರಣಿಗೆ ಇಳಿದು ಒದ್ದೆ ಕಾಲಲ್ಲೇ ಮತ್ತೆ ಹಾಕಿಕೊಳ್ಳಬಹುದು, ಬೇಗ ಒಣಗುತ್ತದೆ. ಇದರ ಶತ್ರು ಸಣ್ಣ ಹರಳು. ಅಂಗಾಲಿನ ಕೆಳಗೆ ಸೇರಿದ ಮರಳು, ಕಲ್ಲುಚೂರು ಉಜ್ಜಿ ಉಜ್ಜಿ ಚರ್ಮ ಸುಲಿಯುತ್ತದೆ, ಆಗಾಗ ನಿಂತು ಕೊಡವಬೇಕು. ಚಳಿಗಾಲದ ಒಣಹವೆಗೆ ಹಿಮ್ಮಡ ಸೀಳುವವರಿಗೂ ಒಳ್ಳೆಯದಲ್ಲ. ಮೇಗುತಿ ಹತ್ತಲು ಸಾಲುತ್ತದೆ, ಉತ್ತರದ ಕೋಟೆಗೆ ನನಗೆ ಬೂಟೇ ಬೇಕು.

ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಮಾತ್ರ ಸ್ಯಾಂಡಲ್ ಬೇಡವೇ ಬೇಡ. ಹರಳು ಚುಚ್ಚಿದ್ದೂ, ಗುಳ್ಳೆ ಎದ್ದದ್ದೂ ಅವರಿಗೆ ತಿಳಿಯುವುದಿಲ್ಲ. ಮುಚ್ಚಿದ, ಒಳಗೆ ಹೊಲಿಗೆ ಒತ್ತದ ಅಗಲ ಮೂತಿಯ ಬೂಟು ಇರಲಿ. ಮಧ್ಯಾಹ್ನದ ಕಲ್ಲಿನ ಮೇಲೆ ಬರಿಗಾಲಲ್ಲಿ ಹೋಗದಿರಲಿ, ದರ್ಶನವನ್ನು ಬೆಳಿಗ್ಗೆಯೇ ಮುಗಿಸಲಿ, ರಾತ್ರಿ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಲಿ. ಚಿಗವ್ವನಿಗೂ ಸಕ್ಕರೆ ಇದೆ. "ಚಪ್ಪಲಿ ಬ್ಯಾಡ ಬೇ, ಲೇಸ್ ನಾ ಕಟ್ಟತೀನಿ," ಎಂದು ಬೂಟನ್ನೇ ಕೊಡಿಸಿದೆ. ಈಗ ಗುಡಿ ಮುಂದೆ ಬಿಚ್ಚಿ ಕಟ್ಟುವ ಹೊಣೆ ನನ್ನದು.

ಕಾಲ್ಚೀಲದ ಬಗ್ಗೆ ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ. ಅಪ್ಪಟ ಹತ್ತಿಯದು ಬೆವರು ಹೀರಿ ಒದ್ದೆಯಾಗಿಯೇ ಇರುತ್ತದೆ, ಒದ್ದೆ ಚರ್ಮ ಬೇಗ ಗುಳ್ಳೆ ಏಳುತ್ತದೆ. ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಬೆರೆತದ್ದು ಬೇಗ ಆರುತ್ತದೆ. ಒಂದು ಜೋಡು ಚೀಲದಲ್ಲಿ ಹೆಚ್ಚಿಗೆ ಇರಲಿ, ಮಧ್ಯಾಹ್ನ ಊಟಕ್ಕೆ ಕೂತಾಗ ಬದಲಿಸಿದರೆ ಕಾಲಿಗೆ ಹೊಸ ಜೀವ ಬರುತ್ತದೆ. ಕಾದ ಅಂಗಳದಲ್ಲಿ ಗುಡಿಯ ತನಕ ಹೋಗಲೂ ಅದೇ ಕಾಲ್ಚೀಲ ಆಗುತ್ತದೆ.

ಕೊಳ್ಳಲು ಸಂಜೆ ಹೋಗಿ, ಪಾದ ತುಸು ಊದಿರುವಾಗ. ನಡೆಯುವಾಗ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು ಎರಡೂ ಕಾಲಿಗೆ ತೊಟ್ಟು ನೋಡಿ, ಬಹುತೇಕರಿಗೆ ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದು. ದೊಡ್ಡದಕ್ಕೆ ಸರಿಯಾದದ್ದೇ ಅಳತೆ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಇಳಿದು ನೋಡಿ. ಕೊಂಡ ಮೇಲೆ ಮೊದಲ ಎರಡು ಸಂಜೆ ಮನೆಯೊಳಗೇ ತಿರುಗಾಡಿ, ಅಟ್ಟೆಗೆ ಮಣ್ಣು ತಾಗದಿದ್ದರೆ ಬದಲಿಸಿಕೊಡಲು ಅಂಗಡಿಯವರು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಪ್ರವಾಸಕ್ಕೆ ಎರಡು ವಾರ ಮೊದಲೇ ಕೊಂಡರೆ ಪಳಗಿಸಲು ಸಮಯ ಸಿಗುತ್ತದೆ. ಇನ್ನು ಹಳೆಯ ಓಟದ ಬೂಟೇ ಮನೆಯಲ್ಲಿದ್ದರೆ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿ ನಿಂತರೆ, ಫೋಮಿನ ಪಕ್ಕದಲ್ಲಿ ಅಡ್ಡ ಸುಕ್ಕುಗಳು ಬಿದ್ದಿದ್ದರೆ, ಮೇಲೆ ಎಷ್ಟೇ ಹೊಸದರಂತೆ ಕಂಡರೂ ಅದರ ಕಾಲ ಮುಗಿದಿದೆ.